ಅವ್ವನ ಆಯೇರಿ

ಹಿರೋಳ್ಳಿಯ ಗುರುಪಾದನ ದನಿ ಜನ ಮೊದಲು ಕೇಳಿದ್ದು ಕಬ್ಬಿನ ಟ್ರ್ಯಾಕ್ಟರ್ ಮೇಲೆ. ಇಂಜಿನ್ನಿನ ಸದ್ದನ್ನೂ ಮೀರಿಸಿ ಹಾಡುತ್ತಿದ್ದ. ಹಾರ್ಮೋನಿಯಂ ಬಾರಿಸುವ ಪೇಟಿ ಮಾಸ್ತರ ಭೀಮಶಾ ಒಂದು ದಿನ ಟ್ರ್ಯಾಕ್ಟರ್ ನಿಲ್ಲಿಸಿ ಅವನನ್ನು ತನ್ನ ನಾಟಕ ಮಂಡಳಿಗೆ ಎಳೆದುಕೊಂಡು ಹೋದ. ಆಮೇಲೆ ಕೇಳಬೇಕೇ! ಖಜೂರಿಯಿಂದ ಜೇವರ್ಗಿವರೆಗೆ ಗೋಡೆಗೋಡೆಗೂ ಕಪ್ಪು ಕನ್ನಡಕದ ಗುರುಪಾದ. ಹೀರೋ ಅವನೇ, ಹಾಡುವವನೂ ಅವನೇ. ಹಾಡು ಮೊಬೈಲಿಗೆ ಬಂದ ಮೇಲಂತೂ ಸೆಲ್ಫಿ ಕೇಳುವವರ ಕಾಟಕ್ಕೆ ನೆಟ್ಟಗೆ ಒಂದು ಚಹಾ ಕುಡಿಯುವ ಹಾಗಿರಲಿಲ್ಲ. ಊರವರು ಇಷ್ಟನ್ನು ಎದೆ ಉಬ್ಬಿಸಿ ಹೇಳುತ್ತಾರೆ. ಅಫಜಲಪುರದ ನಾಟಕದಲ್ಲಿ ನಡೆದದ್ದು ಅವರಿಗೆ ಗೊತ್ತಿಲ್ಲ.

ಅಲ್ಲಿ ಅವನದು ಗೌಡನ ಪಾರ್ಟು. ನಮ್ಮ ಕಡೆ ನಾಟಕದ ನಡುವೆಯೇ ಆಯೇರಿ ಆಗುತ್ತದೆ. ಬೇಕಾದವರು ಸ್ಟೇಜ್ ಹತ್ತಿ ನಟನಿಗೆ ಶಲ್ಯ ಹೊದಿಸುತ್ತಾರೆ, ಮಾಸ್ತರ ಅವರ ಹೆಸರನ್ನು ಮೈಕಿನಲ್ಲಿ ಕೂಗುತ್ತಾನೆ. ಅವತ್ತು ಹತ್ತಿದವಳು ಅವನ ಅವ್ವ ಸಾಬಮ್ಮ. ತೊಗರಿ ರಾಶಿಯ ಕಣದಿಂದ ಹಾಗೇ ಬಂದಿದ್ದಳು, ತಲೆ ತುಂಬ ಹೊಟ್ಟು, ಕೈಯಲ್ಲಿ ಹೊಸ ಶಲ್ಯ. ಅವಳನ್ನು ಎಂದೂ ನೋಡಿರದ ಭೀಮಶಾ, "ಯಾರಂತ ಹೇಳ್ಲಿ ತಾಯಿ?" ಎಂದ.

ಮುಂದಿನ ಸಾಲಿನಲ್ಲಿ ಊರಿನ ದೊಡ್ಡ ಮಂದಿ ಕೂತಿದ್ದರು. ಗುರುಪಾದ ಮೀಸೆ ತಿರುವಿ, "ನಮ್ಮ ಮನಿ ಆಳ್ರಿ, ಮಾಸ್ತರ" ಎಂದುಬಿಟ್ಟ.

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾಬಮ್ಮನೂ ನಕ್ಕಳು, ಶಲ್ಯ ಹೊದಿಸಿ ಇಳಿದುಹೋದಳು. ಮತ್ತೆ ತಾನಾಗಿ ಅವನ ಯಾವ ನಾಟಕಕ್ಕೂ ಬರಲಿಲ್ಲ. ಮನೆಯಲ್ಲಿ ಆ ಮಾತೂ ಎತ್ತಲಿಲ್ಲ, ಬಿಸಿ ರೊಟ್ಟಿ ಬಡಿಸುತ್ತಲೇ ಇದ್ದಳು. ಬೈದಿದ್ದರೆ ಅತ್ತು ಹಗುರಾಗುತ್ತಿದ್ದ. ತಪ್ಪಾಯ್ತು ಎಂದು ತಾನೇ ಹೇಳಲು ಈ ಧೈರ್ಯಶಾಲಿ ಹೀರೋಗೆ ಬಾಯಿ ಬರಲಿಲ್ಲ.

ಹೋದ ವರ್ಷ ಜೇವರ್ಗಿಯಲ್ಲಿ ಅದೇ ನಾಟಕ, ಅದೇ ಪಾರ್ಟು. ಗುರುಪಾದ ಅವ್ವನನ್ನು ಕಾಡಿ ಬೇಡಿ ಕರೆದುಕೊಂಡು ಹೋದ. ಇವಳು ನನ್ನ ಹೆತ್ತವಳು ಎಂದು ನೆರೆದ ಮಂದಿಯೆದುರು ಸಾರಬೇಕು, ಅಷ್ಟೇ ಅವನ ಆಸೆ. "ಅವ್ವ ಹತ್ತಿದ ಕೂಡ್ಲೆ ಮೈಕ್ ನನಗ ಕೊಡ್ರಿ ಮಾಸ್ತರ" ಎಂದು ಭೀಮಶಾನಿಗೂ ಹೇಳಿಟ್ಟಿದ್ದ.

ಸಾಬಮ್ಮ ಹತ್ತಿದಳು. ಇಳಕಲ್ ಸೀರೆ, ಕೈಯಲ್ಲಿ ಶಲ್ಯ. ಭೀಮಶಾ ಗುರುಪಾದ ಹೇಳಿದ್ದನ್ನು ಮರೆತು, ಯಾರೆಂದು ಅವಳೇ ಹೇಳಲಿ ಎಂದು ಮೈಕನ್ನು ಅವಳ ಬಾಯಿಗೇ ಹಿಡಿದ. ಅವಳು ಮಗನ ಕೋಟು ನೋಡಿದಳು, ಮುಂದಿನ ಸಾಲು ನೋಡಿದಳು. ಮಗನ ಮಾನ ಕಾಯುವವಳಂತೆ ಗಟ್ಟಿಯಾಗಿ ಹೇಳಿದಳು: "ನಾ ಈ ಗೌಡರ ಮನಿ ಆಳ್ರಿ."

ಗುರುಪಾದ ಕುಸಿದು ಅವಳ ಪಾದ ಹಿಡಿದ. "ಯವ್ವಾ, ನಾ ನಿನ್ನ ಮಗ ಬೇ! ನನ್ನ ತಪ್ಪು ಹೊಟ್ಟ್ಯಾಗ ಹಾಕ್ಕೊ!" ಎಂದು ಬಿಕ್ಕಿದ.

ಎಂಥ ಪಾರ್ಟು ಎಂದು ಜನ ಎದ್ದು ನಿಂತು ಸಿಳ್ಳೆ ಹೊಡೆದರು. "ಒನ್ಸ್ ಮೋರ್! ಒನ್ಸ್ ಮೋರ್!"

ಸಾಬಮ್ಮ ಬಾಗಿ ಮಗನ ಕಣ್ಣು ಒರೆಸಿ ಮೆಲ್ಲಗೆ, "ಏಳಪಾ, ಮಂದಿ ಇನ್ನೊಮ್ಮಿ ಕೇಳಾಕತ್ತಾರ. ಮಾಡಿ ತೋರ್ಸು" ಎಂದಳು.

ಗುರುಪಾದ ಎದ್ದು, ಕೋಟು ಕೊಡವಿಕೊಂಡು, ಮತ್ತೊಮ್ಮೆ ಅವಳ ಕಾಲಿಗೆ ಬಿದ್ದ. ಈ ಸಲ ಅದು ಬರೀ ನಾಟಕವಾಗಿತ್ತು. ಸಿಳ್ಳೆ ಮೊದಲಿಗಿಂತ ಜೋರಾಗಿ ಬಿತ್ತು, ಅವನಿಗೆ ಅವ್ವನ ಮುಖ ನೋಡಲಾಗಲಿಲ್ಲ.