ಹದಿನೈದನೆಯ ಪೇಟೆಂಟಿನ ಹೆಸರು

ಮೊದಲಿಗೇ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ, ಸಾಲು ನೆಟ್ಟಗೆ ನಿಲ್ಲುವುದಿಲ್ಲ. ಒಂಬತ್ತನೆಯ ತರಗತಿಯ ನಡುವೆ ಶಾಲೆ ಬಿಟ್ಟವಳು, ದೊಡ್ಡ ಮಾತುಗಳು ಬರುವುದಿಲ್ಲ. ತಪ್ಪು ಬರೆಯಬಾರದೆಂದು ಪ್ರತಿಯೊಂದು ಸಂಗತಿಯನ್ನೂ ಮನೆಯವರ ಹತ್ತಿರ ಎರಡೆರಡು ಸಲ ಕೇಳಿಕೊಂಡಿದ್ದೇನೆ. ಇದು ನನ್ನ ಅಜ್ಜನ ಕಥೆ.

ಅಜ್ಜ ನೂಲಿನ ಗಿರಣಿಯಲ್ಲಿ ಫಿಟ್ಟರ್ ಆಗಿದ್ದ. ಮೂವತ್ತೆಂಟು ವರ್ಷ ಒಂದೇ ಗೇಟಿನಲ್ಲಿ ಒಳಗೆ ಹೋಗಿ ಅದೇ ಗೇಟಿನಲ್ಲಿ ಹೊರಗೆ ಬಂದ. ಹಾಗೆ ಹೋಗಿ ಬಂದವರು ಸಾವಿರ ಜನ ಇದ್ದಾರು. ಆದರೆ ಹದಿನಾಲ್ಕು ಪೇಟೆಂಟ್ ಇರುವವನು ಅವನೊಬ್ಬನೇ. ಪೇಟೆಂಟ್ ಎಂದರೆ, ಈ ಉಪಾಯ ಮೊದಲು ಹೊಳೆದದ್ದು ಇಂಥವರಿಗೆ, ಇಷ್ಟು ವರ್ಷ ಇವರನ್ನು ಕೇಳದೆ ಯಾರೂ ಇದನ್ನು ಮಾಡಿ ಮಾರಬಾರದು ಎಂದು ಸರ್ಕಾರ ಮೊಹರು ಹಾಕಿ ಕೊಡುವ ಕಾಗದ.

ಮೊದಲನೆಯದು ಹೆಬ್ಬೆರಳಿನಷ್ಟು ಉದ್ದದ ಒಂದು ಕೊಕ್ಕೆ. ನೂಲು ಹರಿದ ಕೂಡಲೇ ಅದು ಕೆಳಗೆ ಬಿದ್ದು ಯಂತ್ರವನ್ನು ನಿಲ್ಲಿಸುತ್ತಿತ್ತು. ಬರಬರುತ್ತ ಅವನ ತಲೆ ಗಿರಣಿಯ ಗೋಡೆಯೊಳಗೆ ನಿಲ್ಲಲಿಲ್ಲ. ಬಸ್ಸಿನ ಬಾಗಿಲಿಗೆ ಬೆರಳು ಸಿಕ್ಕಿ ಜಜ್ಜಿಹೋದಾಗ, ಊದಿದ ಬೆರಳನ್ನು ತಣ್ಣೀರಿನಲ್ಲಿ ಅದ್ದಿಕೊಂಡೇ ಬಾಗಿಲಿನ ಕೀಲು ಹೇಗಿರಬೇಕೆಂದು ಯೋಚಿಸುತ್ತ ಕೂತನಂತೆ. ಗಾಳಿಗೆ ಕೊಡೆ ಮಗುಚಿ ಬೀದಿಯವರೆಲ್ಲ ನಕ್ಕ ವರ್ಷ, ತಾನೇ ಬಾಗಿ ತಾನೇ ನೆಟ್ಟಗಾಗುವ ಕೊಡೆಯ ಕಡ್ಡಿ ಬಂತು. ಸಿಮೆಂಟ್ ಕೊಳವೆ ಎರೆಯುವ ಅಚ್ಚಿನ ಮಾದರಿಯನ್ನು ಅವನು ಮಾಡಿದ್ದು ಹಿಟ್ಟಿನ ಡಬ್ಬಿಯಲ್ಲಿ. ಅದನ್ನು ನೋಡಲು ಕಾರ್ಖಾನೆಯ ಎಂಜಿನಿಯರುಗಳೇ ಬಂದು ಅಡುಗೆಮನೆಯ ನೆಲದ ಮೇಲೆ ಮಂಡಿಯೂರಿ ಕೂತರು. ಅವರಲ್ಲೊಬ್ಬರು ಹೊರಡುವಾಗ ಡಬ್ಬಿಯನ್ನು ಎರಡು ಕೈಯಲ್ಲಿ ಎತ್ತಿ, ಕೂಸನ್ನು ಮಲಗಿಸುವ ಹಾಗೆ ಮೆಲ್ಲಗೆ ಕಪಾಟಿನಲ್ಲಿಟ್ಟರು.

ಅಜ್ಜನ ಜೊತೆ ಪೇಟೆಯಲ್ಲಿ ನಡೆದರೆ ಮೈ ಜುಮ್ಮೆನ್ನುತ್ತದೆ. ಬಸ್ಸಿನ ಬಾಗಿಲು ಧಡಾರನೆ ಬಡಿಯದೆ ಹುಶ್ ಎಂದು ಮುಚ್ಚಿಕೊಳ್ಳುತ್ತದಲ್ಲ, ಅದು ಅವನದು. ಆಸ್ಪತ್ರೆಯಲ್ಲಿ ದಾದಿ ಒಂದೇ ಕೈಯಲ್ಲಿ ಮಂಚದ ಕಂಬಿ ಇಳಿಸುತ್ತಾಳಲ್ಲ, ಆ ಚಿಲಕವೂ ಅವನದೇ. ಬಸ್ಸಿನೊಳಗಿದ್ದವರಿಗಾಗಲಿ ದಾದಿಗಾಗಲಿ ಅದು ಗೊತ್ತಿಲ್ಲ. ಅಜ್ಜ ತಲೆ ಎತ್ತಿಯೂ ನೋಡುವುದಿಲ್ಲ. ಕಿವಿ ಮಾತ್ರ ಆ ಕಡೆ ಕೊಟ್ಟು, "ಎಣ್ಣೆ ಕೇಳ್ತಿದೆ ಪಾಪ" ಎಂದು ಮುಂದೆ ಹೋಗುತ್ತಾನೆ.

ಪೇಟೆಂಟಿಗೆ ಉಪಾಯವೊಂದೇ ಸಾಲದು. ಅದರ ಚಿತ್ರ ಬೇಕು. ಕಪ್ಪು ಶಾಯಿಯಲ್ಲಿ, ಗೆರೆ ಎಲ್ಲೂ ನಡುಗದ ಹಾಗೆ, ಒಂದೊಂದು ಭಾಗಕ್ಕೂ ಒಂದೊಂದು ಸಂಖ್ಯೆ ಹಾಕಿ ಬರೆಯಬೇಕು. ಅಜ್ಜನ ಕೈಗೆ ಅರ ಒಗ್ಗಿತ್ತು, ಲೇಖನಿ ಒಗ್ಗಿರಲಿಲ್ಲ. ಹದಿನಾಲ್ಕಕ್ಕೂ ಚಿತ್ರ ಬರೆದವಳು ಅಜ್ಜಿ. ಮದುವೆಗೆ ಮುಂಚೆ ಅವಳು ಭೂಮಾಪನ ಕಚೇರಿಯಲ್ಲಿ ನಕ್ಷೆ ತೆಗೆಯುವ ಕೆಲಸದಲ್ಲಿದ್ದಳು. ಅರ್ಜಿಯಲ್ಲಿ ಉಪಾಯ ಹೊಳೆದವರ ಹೆಸರಿಗೆ ಜಾಗವಿದೆ, ಗೆರೆ ಎಳೆದವರಿಗಿಲ್ಲ. ಹಾಗಾಗಿ ಹದಿನಾಲ್ಕು ಪತ್ರಗಳಲ್ಲಿ ಅಜ್ಜಿಯ ಹೆಸರು ಒಂದರಲ್ಲೂ ಇಲ್ಲ. ಅದು ಅಜ್ಜನಿಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಅಜ್ಜಿಯೇನೋ, "ಹೆಸರು ಇಟ್ಕೊಂಡು ಏನು ಅಡುಗೆ ಮಾಡ್ಲಾ?" ಎಂದು ನಕ್ಕುಬಿಡುತ್ತಿದ್ದಳು.

ಮೂರು ವರ್ಷದ ಹಿಂದೆ ಅಜ್ಜಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು. ಮಾತೆಲ್ಲ ಹೋಗಿ ಒಂದೇ ಒಂದು ಉಳಿಯಿತು: "ಆಮೇಲೆ". ಹಸಿವಾದರೂ ಆಮೇಲೆ, ಕೋಪ ಬಂದರೂ ಆಮೇಲೆ. ಎಲ್ಲಕ್ಕಿಂತ ಕಷ್ಟವಾದದ್ದು ನೀರು ಕುಡಿಸುವುದು. ಒಂದು ಗುಟುಕು ಹೆಚ್ಚಾದರೆ ನೆತ್ತಿಗೆ ಹತ್ತಿ ಮುಖ ನೀಲಿಗಟ್ಟುತ್ತಿತ್ತು.

ಅಜ್ಜ ಹಿತ್ತಲ ಶೆಡ್ಡು ಸೇರಿದ. ಮೂರು ವಾರದ ನಂತರ ಮುಚ್ಚಳವಿರುವ ಒಂದು ಬಟ್ಟಲು ಹಿಡಿದು ಬಂದ. ಮುಚ್ಚಳದಿಂದ ರಬ್ಬರ್ ಕೊಳವೆ ಹೊರಟಿತ್ತು, ಕೊಳವೆಯ ಬುಡದಲ್ಲಿ ಪುಟ್ಟ ಗುಂಡು. ಹೀರಿದರೆ ಗುಂಡು ಎದ್ದು ನೀರು ಮೇಲೆ ಬರುತ್ತದೆ. ಬಿಟ್ಟರೆ ಗುಂಡು ಕೂತು, ಏರಿದ ನೀರನ್ನು ಅಲ್ಲೇ ಹಿಡಿದಿಡುತ್ತದೆ. ಸೋತ ಬಾಯಿ ಮತ್ತೆ ಮೊದಲಿನಿಂದ ಹೀರಬೇಕಿಲ್ಲ. ಅಜ್ಜಿ ಹೀರಿದಳು. ನೀರು ಸಲೀಸಾಗಿ ಬಂತು. ಆದರೆ ಒಂದು ಗುಟುಕಿಗೆ ನಿಲ್ಲಲಿಲ್ಲ. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು.

"ಆಮೇಲೆ!" ಎಂದಳು ಬಟ್ಟಲನ್ನು ದೂಡುತ್ತ.

"ಬೈತಿದಾಳೆ," ಎಂದ ಅಜ್ಜ. "ಬೈಲಿ, ಬೈಸ್ಕೊಳ್ಳೋ ಹಾಗೇ ಇದೆ."

ಅಜ್ಜಿ ಎಡಗೈಯಲ್ಲಿ ಪೆನ್ಸಿಲ್ ಕಿತ್ತುಕೊಂಡು, ಅಜ್ಜ ಗೀಚಿಟ್ಟ ಚಿತ್ರದಲ್ಲಿ ಗುಂಡಿನ ಮೇಲ್ಗಡೆ ಎರಡು ಸೊಟ್ಟ ಗೆರೆ ಎಳೆದಳು.

"ಹೊಡೆದು ಹಾಕ್ತಿದೀಯಾ? ಬೇಡವೇ ಬೇಡ ಅಂತಾನಾ?"

ಅಜ್ಜಿ ಕಣ್ಣು ಮುಚ್ಚಿ ತೆರೆದಳು, ದಡ್ಡರ ಮುಂದೆ ತಾಳ್ಮೆ ತಂದುಕೊಳ್ಳುವವರ ಹಾಗೆ. ಆಮೇಲೆ ನಿಜವಾದ ಕೊಳವೆಯನ್ನೇ ಹಿಡಿದು, ಗುಂಡಿನಿಂದ ಎರಡು ಬೆರಳು ಮೇಲೆ ಹಿಚುಕಿ ತೋರಿಸಿದಳು. ಆಗ ಅಜ್ಜನಿಗೆ ಅರ್ಥವಾಯಿತು. ಕೊಳವೆಗೆ ಅಲ್ಲೊಂದು ಕತ್ತು ಇದ್ದರೆ, ಹೀರಿದಾಗ ಏರುವ ಗುಂಡು ಅದರಲ್ಲಿ ಹೋಗಿ ಕೂತು ದಾರಿ ಮುಚ್ಚುತ್ತದೆ. ಅಷ್ಟರಲ್ಲಿ ದಾಟುವುದು ಒಂದೇ ಗುಟುಕು. ಬಾಯಿ ಬಿಟ್ಟರೆ ಗುಂಡು ಇಳಿಯುತ್ತದೆ, ಆಗ ಇನ್ನೊಂದು ಗುಟುಕು.

ಮಾರನೆಯ ದಿನ ಅಜ್ಜಿ ಬಟ್ಟಲು ಪೂರ್ತಿ ಕುಡಿದಳು. ಒಂದು ಸಲವೂ ಕೆಮ್ಮಲಿಲ್ಲ. ಬಾಯಿ ಒರೆಸಲು ಟವೆಲ್ ಹಿಡಿದು ನಿಂತ ಸೊಸೆ, ಎಂದರೆ ನನ್ನ ಅಮ್ಮ, ಒರೆಸುವುದನ್ನು ಮರೆತು ನಿಂತೇ ಇದ್ದಳು.

"ಹದಿನೈದನೇದರಲ್ಲಿ ಇವಳ ಹೆಸರು ಬರ್ಬೇಕು," ಎಂದ ಅಜ್ಜ. "ಇವಳು ಕಣ್ಣಾರೆ ನೋಡ್ಬೇಕು."

ಅರ್ಜಿ ಬರೆದುಕೊಡುವ ಏಜೆಂಟ್ ಒಬ್ಬ ಹೆಂಗಸು. ಮನೆಯವರಿಗೆಲ್ಲ ಆಕೆ ಅರ್ಜಿ ಮೇಡಂ. ಇಬ್ಬರ ಹೆಸರನ್ನೂ ನೋಡಿ ಮೇಡಂ ಹುಬ್ಬು ಗಂಟಿಕ್ಕಿದರು.

"ಯಜಮಾನ್ರೇ, ಇದು ಪ್ರೀತಿಗೆ ಹೆಸರು ಹಾಕೋ ಜಾಗ ಅಲ್ಲ. ಹೊಳೆದವರ ಹೆಸರು ಮಾತ್ರ. ಸುಳ್ಳು ಸೇರಿಸಿದ್ರೆ ಪೇಟೆಂಟೇ ಬಿದ್ದು ಹೋಗುತ್ತೆ."

"ಸುಳ್ಳಲ್ಲ ಮೇಡಂ. ಕತ್ತು ಹಿಚುಕಿದ್ದು ಅವಳೇ."

"ಯಾರ ಕತ್ತು?"

"ಕೊಳವೇದು!"

ಮೇಡಂ ನಗು ನುಂಗಿಕೊಂಡು ನಾಲ್ಕು ಹಕ್ಕುಗಳನ್ನು ಬರೆದರು. ಯಾವ ಯಾವ ಭಾಗ ಹೊಸದು ಎಂದು ಸಾಧಿಸುವ ಸಾಲುಗಳಿಗೆ ಹಕ್ಕು ಎನ್ನುತ್ತಾರೆ. ಮೊದಲ ಮೂರು ಗುಂಡಿನ ಬಗ್ಗೆ, ನಾಲ್ಕನೆಯದು ಕತ್ತಿನ ಬಗ್ಗೆ.

ಹದಿನಾಲ್ಕು ತಿಂಗಳ ಮೇಲೆ ಪರೀಕ್ಷಕರ ಪತ್ರ ಬಂತು. ಗುಂಡಿನ ಈ ಉಪಾಯ ಹೊಸದಲ್ಲ, ಮೂವತ್ತನಾಲ್ಕು ವರ್ಷದ ಹಿಂದೆಯೇ ಇದಕ್ಕೆ ಪೇಟೆಂಟ್ ಕೊಟ್ಟಾಗಿದೆ ಎಂದು ಒಂದು ಸಂಖ್ಯೆ ಬರೆದಿದ್ದರು. ಅಜ್ಜ ಮೊದಲ ಸಾಲಿನ ಮುಂದೆ ಓದಲಿಲ್ಲ. ಮುಖ ಸಪ್ಪಗಾಯಿತು. "ಅವಳ ಹೆಸರು ಹೋಯ್ತು" ಎಂದಷ್ಟೇ ಹೇಳಿದ. ಅಜ್ಜಿ ಆ ತಿಂಗಳು ತುಂಬ ಇಳಿದುಹೋಗಿದ್ದಳು. ಇನ್ನೊಂದು ಅರ್ಜಿ ಹಾಕಿ ಕಾಯುವಷ್ಟು ಕಾಲ ಇದೆಯೋ ಇಲ್ಲವೋ ಎಂದು ಎಲ್ಲರಿಗೂ ಅಳುಕಿತ್ತು.

ಆ ಹಳೆಯ ಪೇಟೆಂಟಿನ ನಕಲು ತರಿಸಿದರು. ಹೆಸರಿರುವ ಮೊದಲ ಹಾಳೆ ಅದರಲ್ಲಿರಲಿಲ್ಲ. ಪೇಟೆಂಟಿನ ಭಾಷೆಯೂ ವಿಚಿತ್ರ, ಅಲ್ಲಿ ಕೊಡೆಯ ಕಡ್ಡಿ 'ಮಡಚಬಲ್ಲ ಆಧಾರದಂಡ'ವಾಗುತ್ತದೆ. ಈ ನಕಲಿನಲ್ಲಿ ಇದ್ದದ್ದು 'ದ್ರವವನ್ನು ತಡೆದು ಬಿಡುವ ಸಾಧನ'. ಅಜ್ಜ ಬೆರಳಿಟ್ಟು ಬೆರಳಿಟ್ಟು ಓದಿದ. ಓದಿದಷ್ಟೂ ಸಿಟ್ಟು ಇಳಿದು ಕಣ್ಣರಳಿತು.

"ಯಾರೋ ಭಾರಿ ಬುದ್ಧಿವಂತ ಕಣೇ," ಎಂದ ಅಜ್ಜಿಗೆ. "ಗುಂಡನ್ನ ಸೀಸದಲ್ಲಿ ಮಾಡಿದಾನೆ. ನಾನಾಗಿದ್ರೂ ಹಾಗೇ ಮಾಡ್ತಿದ್ದೆ. ನೋಡು, ಚಿತ್ರಾನೂ ಎಷ್ಟು ಚೆಂದ!"

ಅಜ್ಜಿ ಚಿತ್ರ ನೋಡಿದಳು. ಅವಳ ಭುಜ ಅಲುಗತೊಡಗಿತು. ನೆತ್ತಿಗೆ ಹತ್ತಿತೆಂದು ಮಗ, ಎಂದರೆ ನನ್ನ ಅಪ್ಪ, ಎದ್ದು ಓಡಿ ಬಂದ. ಅಜ್ಜಿ ನಗುತ್ತಿದ್ದಳು. ಎಡಗೈಯ ಬೆರಳನ್ನು ಚಿತ್ರದ ಮೇಲಿಟ್ಟು, ತನ್ನ ಎದೆಯ ಮೇಲಿಟ್ಟು, ಕೊನೆಗೆ ಅಜ್ಜನ ಮೂಗಿಗೆ ಒತ್ತಿ, "ಆಮೇಲೆ, ಆಮೇಲೆ, ಆಮೇಲೆ!" ಎಂದಳು.

ಮಗ ಪೆಟ್ಟಿಗೆ ತೆಗೆದ. ಕಡತಗಳನ್ನು ಜೋಡಿಸಿಟ್ಟಿದ್ದವಳು ಅಜ್ಜಿ, ಅವಳು ಹಾಸಿಗೆ ಹಿಡಿದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಎರಡನೆಯ ಕಡತ: ಗಿರಣಿಯ ಯಂತ್ರಕ್ಕೆ ಎಣ್ಣೆ ಬಿಡುವ, ಒಂದು ಹನಿಯೂ ಸೋರದ ಎಣ್ಣೆಬುಡ್ಡಿ. ಅದೇ ಗುಂಡು, ಅದೇ ಚಿತ್ರ, ಅದೇ ಸಂಖ್ಯೆ. ಒಂದು ವಸ್ತು ಮಾಡಿ ಮುಗಿಸಿದರೆ ಅಜ್ಜ ಅದನ್ನು ತಲೆಯಿಂದ ಗುಡಿಸಿ ಹಾಕಿಬಿಡುತ್ತಿದ್ದ. ಸಂಖ್ಯೆಗಳಂತೂ ಅವನಿಗೆ ಒಂದೂ ನೆನಪಿರಲಿಲ್ಲ.

"ನಾನೇನಾ?" ಎಂದ ಅಜ್ಜ.

"ನೀನೇ ಅಪ್ಪಾ."

"ಚೆನ್ನಾಗಿದೆ ಮಾವ," ಎಂದಳು ಸೊಸೆ, "ನಿಮ್ಮ ದಾರಿಗೆ ನೀವೇ ಅಡ್ಡ ಮಲಗಿದೀರಿ."

ಎಲ್ಲರೂ ನಕ್ಕರು. ಅಜ್ಜ ಮಾತ್ರ ನಗಲಿಲ್ಲ. ಅಜ್ಜಿಯ ಹೆಸರನ್ನು ಕಸಿದವನು ತಾನೇ ಎಂದು ಕಡತವನ್ನು ಮುಚ್ಚಿಟ್ಟ.

ಅರ್ಜಿ ಮೇಡಂ ಮನೆಗೆ ಬಂದು ಪತ್ರವನ್ನು ಕೊನೆಯವರೆಗೂ ಓದಿದರು. "ಮೊದಲ ಮೂರು ಹಕ್ಕು ಉಳಿಯಲ್ಲ, ಬಿಟ್ಬಿಡಿ. ನಾಲ್ಕನೇದಕ್ಕೆ ಅವರು ತಕರಾರೇ ಎತ್ತಿಲ್ಲ. ಗುಂಡು ಹಳೇದು, ಆದ್ರೆ ಈ ಕತ್ತು ಲೋಕದಲ್ಲಿ ಯಾರಿಗೂ ಹೊಳೆದಿಲ್ಲ." ಅಷ್ಟು ಹೇಳಿ ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು. "ಆದ್ರೆ ಯಜಮಾನ್ರೇ, ಉಳಿಯೋದು ಕತ್ತು ಒಂದೇ ಅಂದ್ರೆ, ನಿಮ್ಮ ಹೆಸರು ಇರೋ ಹಾಗಿಲ್ಲ. ಇವರೊಬ್ಬರದೇ."



"ಇನ್ನೊಂದ್ಸಲ ಹೇಳಿ," ಎಂದ ಅಜ್ಜ.

ಮೇಡಂ ಮತ್ತೆ ಹೇಳಿದರು. ಅಜ್ಜ ಉಕ್ಕಿನ ಅಳತೆಪಟ್ಟಿ ತರಿಸಿ, ಅರ್ಜಿಯ ಮೇಲೆ ತನ್ನ ಹೆಸರಿನ ನಡುವೆ ಅದನ್ನು ಒತ್ತಿಟ್ಟು, ಉಸಿರು ಬಿಗಿಹಿಡಿದು ನೆಟ್ಟಗೆ ಒಂದು ಗೆರೆ ಎಳೆದ. "ಅವಳು ನೋಡ್ತಾ ಇದಾಳೆ, ಸೊಟ್ಟ ಆಗ್ಬಾರ್ದು" ಎಂದ. ಅಜ್ಜಿ ಎಡಗೈಯಲ್ಲಿ ಸಹಿ ಹಾಕಿದಳು. ಅದಕ್ಕೆ ಕಾಲು ಗಂಟೆ ಹಿಡಿಯಿತು. ಮೇಡಂ ಅವಸರ ಮಾಡಲಿಲ್ಲ.

ಏಳು ತಿಂಗಳ ಮೇಲೆ ಪತ್ರ ಬಂತು. ಅದರಲ್ಲಿ ಒಂದೇ ಹೆಸರಿತ್ತು. ಅಜ್ಜ ಅದನ್ನು ಅಜ್ಜಿಯ ಕಣ್ಣ ಮುಂದೆ ಹಿಡಿದು, ಪತ್ರವನ್ನು ಬಿಟ್ಟು ಅವಳನ್ನೇ ನೋಡುತ್ತ ನಿಂತ. ನಲವತ್ತೊಂದು ವರ್ಷ ಜೊತೆಗಿದ್ದವಳನ್ನು ಅಂದೇ ಮೊದಲು ಕಂಡವನ ಹಾಗೆ ನಿಂತಿದ್ದ. ಅಜ್ಜಿ ತನ್ನ ಹೆಸರಿನ ಒಂದೊಂದು ಅಕ್ಷರದ ಮೇಲೂ ಬೆರಳಾಡಿಸಿದಳು. "ಆಮೇಲೆ" ಎನ್ನಲಿಲ್ಲ.

ಸಂಜೆ ಪಕ್ಕದ ಮನೆಯ ದರ್ಜಿ ಬೇಲಿಯಾಚೆಯಿಂದ ಕೂಗಿದ: "ಏನು ಫಿಟ್ಟರಣ್ಣ, ನಿಮ್ಮ ಹದಿನೈದನೇದು ಬಂತಂತೆ?"

"ನಂದು ಹದಿನಾಲ್ಕೇ ಕಣಯ್ಯ," ಎಂದ ಅಜ್ಜ, ಬೀದಿಗೆಲ್ಲ ಕೇಳುವ ಹಾಗೆ. "ಅವಳದು ಒಂದು. ಅದರ ಮುಂದೆ ನಂದೆಲ್ಲ ಎಣ್ಣೆಬುಡ್ಡಿ!"

ನಾಳೆ ಬೆಳಗ್ಗೆ ಅಜ್ಜಿ ಬಟ್ಟಲು ಕುಡಿದು ಮುಗಿಸಿದ ಮೇಲೆ ಇದನ್ನು ಅವಳಿಗೆ ಓದಿ ಹೇಳುತ್ತೇನೆ. ಅವಳು ಎಡಗೈ ಎತ್ತಿದ ಕಡೆ ನಿಲ್ಲಿಸಿ, ತಪ್ಪನ್ನು ತಿದ್ದಿ, ಎಲ್ಲವನ್ನೂ ಇನ್ನೊಮ್ಮೆ ನಿಧಾನವಾಗಿ ಬರೆಯುತ್ತೇನೆ.