ಕುಂಕುಮದ ಮೇಲೆ ಬಂದ ಅಪವಾದ

ನನ್ನ ಮೊಮ್ಮಗಳು ಗೀತಾಳ ನೌಕರಿ ಕಾಯಂ ಆಯಿತು! ಮೊದಲು ಇದನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಸವದತ್ತಿಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಬಂದವರ ಹೆಸರು ಬರೆದುಕೊಳ್ಳುವ, ಫೋನ್ ಎತ್ತುವ ಕೆಲಸ. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟ ನನ್ನಂಥವಳಿಗೆ ಇದಕ್ಕಿಂತ ಹೆಚ್ಚಿನದು ಇನ್ನೇನು ಬೇಕು? ಆದರೆ ಈ ಸಂತೋಷಕ್ಕೆ ಮುಂಚೆ ನಾನು ಪಟ್ಟ ಸಂಕಟವನ್ನೂ ಬರೆಯದಿದ್ದರೆ ನನ್ನ ಸಿಟ್ಟು ಇಳಿಯುವುದಿಲ್ಲ.

ಕಳೆದ ಶ್ರಾವಣದ ಮಾತು. ಹಳೆಯ ಫೋನ್ ತೆಗೆದು, ಇಂಟರ್‌ನೆಟ್ ಮೇಲೆ ಮಾತಾಡುವ ಟೇಬಲ್ ಫೋನ್ ಹಾಕಿಸಲು ಡಾಕ್ಟರ್ ಮೇಡಂ ನಿರ್ಧರಿಸಿದರು. ಆರಿಸುವ ಕೆಲಸ ಗೀತಾಳಿಗೆ ಬಂತು. ಅಂಗಡಿಯವನು ಬೆರಳಿನಿಂದ ಸವರುವ ದೊಡ್ಡ ಪರದೆಯ ಫೋನ್ ತೋರಿಸಿದ. "ನರ್ಸಕ್ಕಗೋಳ ಕೈ ಯಾವಾಗಲೂ ಹಸೀನ ಇರ್ತಾವ್ರಿ. ದಪ್ಪ ಗುಂಡಿ ಇರೋದು ಕೊಡ್ರಿ, ಗಂಟಿ ಜೋರ ಕೇಳಬೇಕು" ಅಂದಳಂತೆ ಇವಳು. ಅವನಿಗೆ ಅದು ಹಿಡಿಸಲಿಲ್ಲ. ಮುಖ ಗಂಟು ಹಾಕಿಕೊಂಡೇ ಫೋನ್ ಕೂಡಿಸಿ ಹೋದ. ಹೊರಗಿನ ಕರೆ ಬರುವುದು ಗೀತಾಳ ಫೋನಿಗೊಂದಕ್ಕೇ. ಮೇಲಿನ ವಾರ್ಡಿನವು ಒಳಗೊಳಗೆ ಮಾತಾಡಲಿಕ್ಕೆ.

ಅಂದು ಶ್ರಾವಣ ಶುಕ್ರವಾರ. ಹೊಸ ವಸ್ತು ಬಂದರೆ ಕುಂಕುಮ ಹಚ್ಚದೆ ಬಳಸುವ ಪದ್ಧತಿ ನಮ್ಮಲ್ಲಿಲ್ಲ. ಬುತ್ತಿ ಕೊಡಲು ಹೋದ ನಾನು, ಮೇಡಂ ಅವರನ್ನು ಕೇಳಿಯೇ, ಅವಳ ಫೋನಿಗೆ ಅರಿಷಿಣ ಕುಂಕುಮ ಹಚ್ಚಿ, ಒಂದು ಸೇವಂತಿಗೆ ಇಟ್ಟು ಬಂದೆ.

ಮಧ್ಯಾಹ್ನದಿಂದಲೇ ತಕರಾರು. ಹೊರಗಿನಿಂದ ಕರೆ ಬರುತ್ತದೆ, ನಮ್ಮ ಮಾತು ಅವರಿಗೆ ಕೇಳುತ್ತದೆ, ಅವರ ಮಾತು ಮಾತ್ರ ನಮಗೆ ಕೇಳುವುದಿಲ್ಲ. ಸುರೇಬಾನದವನೊಬ್ಬ ಹೆಂಡತಿಗೆ ಬೇನೆ ಶುರುವಾಗಿದೆ ಎಂದು ಫೋನಿನಲ್ಲಿ ಕೂಗಿ ಕೂಗಿ ಸಾಕಾಗಿ, ಗಾಡಿ ಮಾಡಿಕೊಂಡು ಬಂದು ಬಾಗಿಲಲ್ಲೇ ಬೈದ. ಮೇಡಂ ಕೆಂಡವಾದರು. "ಗೀತಾ, ಆರಿಸಿದಾಕಿ ನೀನು. ಸೋಮವಾರದೊಳಗ ಸರಿ ಆಗಬೇಕು. ಇಲ್ಲಾಂದ್ರ ಕಾಯಂ ಮಾಡೋ ಮಾತು ಬಿಟ್ಟುಬಿಡು."

ಶನಿವಾರ ನಾನು ಬುತ್ತಿ ಕೊಡಲು ಹೋದಾಗಲೇ ಅಂಗಡಿಯವನು ಬಂದ. ಏನನ್ನೂ ಬಿಚ್ಚಲಿಲ್ಲ, ಪರೀಕ್ಷೆ ಮಾಡಲಿಲ್ಲ. ರಿಸೀವರ್ ಎತ್ತಿ ಹಿಡಿದು, ಕುಂತ ಬಸುರಿಯರೆದುರಿಗೇ, "ನೋಡ್ರಿ ಮೇಡಂ, ಕೇಳೋ ತೂತಿನ್ಯಾಗ ಕುಂಕುಮ ಹೋಗೇತಿ. ಅಜ್ಜಿ, ಇದು ಫೋನು, ಗುಡಿಯಾಗಿನ ಮೂರ್ತಿ ಅಲ್ಲ" ಅಂದ. ಎಲ್ಲರೂ ನಕ್ಕರು. ತಪ್ಪು ಇಂಟರ್‌ನೆಟ್ ಡಬ್ಬಿಯಲ್ಲಿರಬಹುದು, ಫೋನಿನ ಪುಸ್ತಕದಲ್ಲಿ ಹಾಗೆ ಬರೆದಿದೆ ಎಂದು ಗೀತಾ ಹೇಳಿದರೆ, "ನನಗ ಕಲಸಬ್ಯಾಡವಾ" ಎಂದು ಹೊರಟೇ ಹೋದ.

ನಾನು ಹಚ್ಚಿದ್ದು ಫೋನಿನ ನೆತ್ತಿಗೆ. ಆದರೂ ಪುಡಿ ಉದುರಿತ್ತೇನೋ, ನನ್ನಿಂದಲೇ ಹುಡುಗಿಯ ಅನ್ನ ಹೋಗುತ್ತದೇನೋ ಎಂಬ ಹೆದರಿಕೆ. ಎರಡು ದಿನ ಬಡಿಸಿದ ತಾಟನ್ನು ಹಾಗೇ ಸರಿಸಿಬಿಟ್ಟೆ. ಕುಂಕುಮದ ಭರಣಿ ಮುಟ್ಟಲೂ ಕೈ ಹಿಂಜರಿಯಿತು.

ಸೋಮವಾರ ಗೀತಾಳ ಒಪ್ಪತ್ತಿನ ಫಳಾರಕ್ಕೆ ಬಾಳೆಹಣ್ಣು ಒಯ್ದೆ. ಮೇಡಂ ಅವಳನ್ನು ಒಳಗೆ ಕರೆದಿದ್ದರು. ಅಷ್ಟರಲ್ಲಿ ಅದೇ ಫೋನಿನ ಗಂಟೆ ಬಾರಿಸಿತು. ಎತ್ತಿದೆ.

"ಗೀತಾ, ಬಿಸಿನೀರು ಕಳಸವಾ, ಮೆಟ್ಟಲದಾಗ ನಿಂತು ಒದರಿ ಒದರಿ ಗಂಟಲ ಬಿತ್ತು!"

ಮೇಲಿನ ವಾರ್ಡಿನ ನರ್ಸು. ಅಲ್ಲಿಯವರು ಅಂದಿನವರೆಗೂ ಹಳೆಯ ರೂಢಿಯಂತೆ ಮೆಟ್ಟಿಲಿನಿಂದಲೇ ಕೂಗುತ್ತಿದ್ದರು, ಫೋನ್ ಮಾಡುತ್ತಿರಲಿಲ್ಲ. ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿತು. ನನ್ನ ಮೈಯೆಲ್ಲ ಉರಿಯಿತು. ಹೇಳದೆ ಕೇಳದೆ ಮೇಡಂ ಕೋಣೆಗೆ ನುಗ್ಗಿದೆ.

"ಮೇಡಂ, ಅದ ಫೋನು, ಅದ ಕುಂಕುಮ. ತೂತು ಮುಚ್ಚಿದ್ರ ಮ್ಯಾಲಿನ ನರ್ಸಕ್ಕನ ದನಿ ನನ್ನ ಕಿವಿಗೆ ಹೆಂಗ ಬಂತ್ರಿ? ಒಳಗಿನ ಮಾತು ಬರ್ತಾವು, ಹೊರಗಿನವು ಬರಂಗಿಲ್ಲ. ಫೋನಿಂದೇನು ತಪ್ಪು? ದಾರ್ಯಾಗ ಯಾರೋ ಬಾಗಲಾ ಹಾಕ್ಯಾರ!"

"ನಾನೂ ಅದನ್ನ ಹೇಳಾಕ ಹತ್ತೇನ್ರಿ" ಎಂದು ಗೀತಾ ಅತ್ತೇಬಿಟ್ಟಳು.

ಮೇಡಂ ತಾವೇ ಬಂದು ಮೇಲಿನ ವಾರ್ಡಿಗೆ ಮಾತಾಡಿ ನೋಡಿದರು. ಕೂಡಲೇ ಅಂಗಡಿಯವನನ್ನು ಕರೆಸಿದರು. ಅವನು ಗೊಣಗುತ್ತ ಇಂಟರ್‌ನೆಟ್ ಡಬ್ಬಿಯಲ್ಲಿ ಹೊರಗಿನ ದನಿ ತಡೆಯುತ್ತಿದ್ದ ಒಂದು ಸೆಟ್ಟಿಂಗ್ ಬಂದ್ ಮಾಡಿದ. ಮೇಡಂ ತಮ್ಮ ಮೊಬೈಲಿನಿಂದ ಕರೆ ಮಾಡಿದರೆ ದನಿ ಗೀತಾಳ ಕಿವಿಗೆ ಬಂತು. "ಇದೊಂದು ಬಂದ್ ಮಾಡೋದು ಮರತಿದ್ದೆ ನೋಡ್ರಿ" ಎಂದು ಹಲ್ಲು ಕಿರಿದ.

"ತಮ್ಮಾ, ಮರತಾಂವ ನೀನು, ಬೈಸಿಕೊಂಡಿದ್ದು ನನ್ನ ಕುಂಕುಮ" ಅಂದೆ. ನನ್ನ ಕಡೆ ತಿರುಗಿಯೂ ನೋಡದೆ ಬ್ಯಾಗು ಹೆಗಲಿಗೇರಿಸಿದ. ಮೇಡಂ ಮಾತ್ರ, "ನೀನು ಆರಿಸಿದ್ದು ಸರಿ ಐತಿ ಗೀತಾ. ಇವತ್ತಿನಿಂದ ಕಾಯಂ" ಎಂದರು.

ಶ್ರಾವಣ ಸೋಮವಾರ, ಎಲ್ಲರೂ ಒಪ್ಪತ್ತು ಇದ್ದೆವು. ಸಂಜೆ ಪೂಜೆಯಾದ ಮೇಲೆ ಮಗ, ಸೊಸೆ, ಗೀತಾ, ನಮ್ಮ ಯಜಮಾನರು ಎಲ್ಲ ಒಟ್ಟಿಗೆ ಊಟಕ್ಕೆ ಕುಂತೆವು. ಹೋಳಿಗೆ ಮಾಡಿದ್ದೆ.

"ಹೋಳ್ಗ್ಯಾಗ ಕುಂಕುಮ ಬಿದ್ದೈತೇನು ನೋಡ್ಕೊಂಡು ತಿನ್ರಪಾ" ಎಂದರು ಯಜಮಾನರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ. "ಅಂವ ಒಂದ ಮಾತು ತಪ್ಪಾಯ್ತು ಅನ್ನಲಿಲ್ಲಲ್ಲ!" ಅಂದೆ.

ಗೀತಾ ನನ್ನ ತಾಟಿಗೆ ಇನ್ನೊಂದು ಹೋಳಿಗೆ ಹಾಕಿ ತುಪ್ಪ ಸುರಿದಳು. "ಆಯಿ, ಅಂವನ್ನ ನಾಳೆ ಬೈಯುವಂತಿ. ಎರಡ ದಿನದಿಂದ ಉಂಡಿಲ್ಲ, ಈಗ ಉಣ್ಣು."

ಸಿಟ್ಟು ಇನ್ನೂ ಇತ್ತು, ಇವತ್ತಿಗೂ ಇದೆ. ಆದರೂ ಅಂದು ಮೂರು ಹೋಳಿಗೆ ಉಂಡೆ.