ಮುನಿಯಪ್ಪನ ಸೂಜಿ, ಬೆಟ್ಟದ ಹದ್ದು

ರಾಮದೇವರ ಬೆಟ್ಟದ ತಪ್ಪಲಿನಲ್ಲಿ ಇಂಜೆಕ್ಷನ್ ಮುನಿಯಪ್ಪನ ಮನೆ ಯಾವುದು ಎಂದರೆ ಎಳೆಮಕ್ಕಳೂ ಕೈ ತೋರಿಸುತ್ತಿದ್ದರು. ಪೇಟೆಯ ದನದ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ಜವಾನನಾಗಿದ್ದು, ನೋಡಿ ನೋಡಿಯೇ ಸೂಜಿ ಚುಚ್ಚಲು ಕಲಿತ ಮಹಾನುಭಾವ. ನಿವೃತ್ತಿಯಾದ ಮೇಲೆ ಸುತ್ತಲ ಊರುಗಳಿಗೆ ಅವನೇ ಡಾಕ್ಟರು. ದನ ಕುಂಟಲಿ, ಕೆಚ್ಚಲು ಊದಲಿ, ಜ್ವರ ಬರಲಿ, ನೋವು ಕಳೆಯುವ ಇಂಜೆಕ್ಷನ್ ಒಂದೇ. ಸಾಯುವ ದನಕ್ಕೂ ಒಂದು ಚುಚ್ಚದೆ ಬಿಡುತ್ತಿರಲಿಲ್ಲ. ಬಾಯಿಲ್ಲದ ಜೀವ ನರಳುತ್ತಾ ಸಾಯಬಾರದು ಎಂಬುದು ಅವನ ಹಟ. ಹೆಂಡತಿ ಬೋರಮ್ಮ ಎಷ್ಟು ಬೈದರೂ ಆ ಹಟ ಬಿಡಲಿಲ್ಲ.

ಸತ್ತ ದನವನ್ನು ಆ ಕಡೆಯವರು ಹೂಳುತ್ತಿರಲಿಲ್ಲ. ಬೆಟ್ಟದ ಕೆಳಗಿನ ಹಾಸುಬಂಡೆಗೆ ಎಳೆದು ಹಾಕುವುದು ತಾತನ ಕಾಲದ ವಾಡಿಕೆ. ಅಲ್ಲಿಂದಾಚೆಗೆ ರಣಹದ್ದುಗಳ ಪಾಲು. ಅದಕ್ಕೂ ಮುನಿಯಪ್ಪನೇ ಮುಂದಾಳು. ಚಾಕು ಹಾಕಿ ಹೊಟ್ಟೆ ಸೀಳಿಕೊಟ್ಟು, ಪಕ್ಕದಲ್ಲಿ ಬೀಡಿ ಹಚ್ಚಿ ಕೂತು, ಅವು ಉಣ್ಣುವುದನ್ನು ಮದುವೆಮನೆಯ ಯಜಮಾನನ ಹಾಗೆ ನೋಡುತ್ತಿದ್ದ.

ಹತ್ತು ಹನ್ನೆರಡು ವರ್ಷಗಳಲ್ಲಿ ಐವತ್ತು ಹದ್ದು ಏಳಕ್ಕಿಳಿದವು. ಕತ್ತು ಜೋಲುಬಿಟ್ಟು ಕೂತಲ್ಲೇ ಕೂತು, ಎರಡು ಮೂರು ದಿನಕ್ಕೆ ತೊಪ್ಪನೆ ಬೀಳುತ್ತಿದ್ದವು. ಬಿಡದಿ ಕಡೆ ಫ್ಯಾಕ್ಟರಿಗಳು ಏಳುತ್ತಿದ್ದ ಕಾಲ. ಅವಕ್ಕೆ ಜಲ್ಲಿ ಒದಗಿಸಲು ಇಲ್ಲಿ ಬಂಡೆ ಸಿಡಿಸುತ್ತಿದ್ದರು. ಇದು ಕ್ವಾರಿಯವರದೇ ಪಾಪ ಎಂದು ತೀರ್ಮಾನಿಸಿ ಮುನಿಯಪ್ಪ ತಾಲ್ಲೂಕು ಕಚೇರಿಗೆ ಮೂರು ಸಲ ಅರ್ಜಿ ಕೊಟ್ಟ. ಒಮ್ಮೆ ಕ್ವಾರಿ ಮೇಸ್ತ್ರಿಯ ಕೊರಳಪಟ್ಟಿಗೂ ಕೈ ಹಾಕಿದ್ದ.

ಎರಡು ಸಾವಿರದ ಆರನೇ ಇಸವಿಯಲ್ಲಿ ಅವನ ಸ್ವಂತ ಹಸು ಕೆಂದಿ ನೆಲ ಹಿಡಿಯಿತು. ಎರಡು ದಿನ ಬೆಳಗ್ಗೆ, ಸಂಜೆ ಚುಚ್ಚಿದ. ಮೂರನೆಯ ದಿನ ಔಷಧಿ ಮುಗಿದು, ಖಾಲಿ ಸೀಸೆ ಹಿಡಿದು ಆಸ್ಪತ್ರೆಗೆ ಹೋದ. ಹೊಸ ಡಾಕ್ಟರು ಜಯಕುಮಾರ್ ಸೀಸೆ ನೋಡಿ, ಇದನ್ನು ಇನ್ನು ದನಕ್ಕೆ ಕೊಡುವಂತಿಲ್ಲ, ಕೇಂದ್ರ ಸರ್ಕಾರವೇ ನಿಲ್ಲಿಸಿದೆ ಎಂದರು. ಹದ್ದುಗಳನ್ನು ಕಾಯಲು ಕಾನೂನಿದ್ದರೂ ದೇಶದ ತುಂಬ ಸಾಯುತ್ತಲೇ ಇದ್ದವಂತೆ. ಕೊನೆಗೆ ಕಾರಣ ಸಿಕ್ಕಿತಂತೆ. ಈ ಔಷಧಿ ಸತ್ತ ದನದ ಮಾಂಸದಲ್ಲಿ ಉಳಿಯುತ್ತದೆ, ತಿಂದ ಹದ್ದಿನ ಮೂತ್ರಪಿಂಡ ಕೆಡುತ್ತದೆ, ಕತ್ತು ಜೋತುಬೀಳುತ್ತದೆ.

ಮುನಿಯಪ್ಪ ಸೀಸೆಯನ್ನು ಮತ್ತೆ ಅವರ ಮುಂದೆ ಹಿಡಿದ. "ಇದೇ ಔಸ್ತಿನಾ ಸಾ? ಒಸಿ ಸರಿಯಾಗಿ ನೋಡಿ ಯೋಳಿ."

ಡಾಕ್ಟರು ಮತ್ತೊಮ್ಮೆ ಓದಿ ತಲೆಯಾಡಿಸಿದರು. ಬದಲಿ ಔಷಧಿ ಇದೆ ಎಂದು ಅವರು ಹೇಳುತ್ತಲೇ ಇದ್ದರು. ಅವನ ಕಣ್ಣ ಮುಂದೆ ತಾನೇ ಚುಚ್ಚಿ, ತಾನೇ ಬಂಡೆಗೆ ಹಾಕಿಸಿದ ದನಗಳು ಒಂದೊಂದಾಗಿ ಬಂದವು. ಕ್ವಾರಿಯಲ್ಲ, ಸಿಡಿಮದ್ದಲ್ಲ, ತಾನು.

ಆಟೋ ಹಿಡಿದು ಊರಿಗೆ ಬಂದರೆ ಕೊಟ್ಟಿಗೆ ಖಾಲಿ. ಬೋರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ಬಂದಳು. "ನೀವತ್ಲಾಗೆ ಓದ್ರಿ, ಇತ್ಲಾಗೆ ಅವ್ಳು ಉಸ್ರು ಬುಟ್ಲು. ಪಕ್ಕದ್ಮನೆ ಸಮದ್ ಟ್ರ್ಯಾಕ್ಟರ್‌ನಾಗೆ ಬಂಡೆಗೆ ಎಳ್ಕೊಂಡೋದ. ಹದ್ದು ಆಗ್ಲೇ ಇಳೀತಾವೆ ಕಣಿ."

ಎಪ್ಪತ್ತರ ಹತ್ತಿರದ ಮನುಷ್ಯ ಎದ್ದುಬಿದ್ದು ಓಡಿದ. ಐದು ಹದ್ದು ಮೇಲೆ ಸುತ್ತುತ್ತಿದ್ದವು, ಎರಡು ಬಂಡೆಯ ಮೇಲಿದ್ದವು. ಹೊಟ್ಟೆ ಸೀಳಲು ಸಮದ್ ಚಾಕು ತೆಗೆದಿದ್ದ. ಮುನಿಯಪ್ಪ ಅವನ ಕೈ ಹಿಡಿದುಕೊಂಡ.

"ಕುಯ್ಬ್ಯಾಡ ಕಣ್ಲಾ. ವಿಷ ಐತೆ ಅದ್ರೊಳಗೆ. ನಾನೇ ಆಕಿರೋದು."

ಗುಂಡಿ ತೋಡಲು ಗುದ್ದಲಿ ತಂದು ಜನರನ್ನೂ ಕರೆತರುವಂತೆ ಸಮದ್‌ನನ್ನು ಅಟ್ಟಿ, ಮುನಿಯಪ್ಪ ಕಲ್ಲು ಆರಿಸಿಕೊಂಡ. ಒಂದು ಹದ್ದು ಮೊದಲ ಕಲ್ಲಿಗೇ ಹಾರಿತು. ಇನ್ನೊಂದು ಮುದಿ ಹದ್ದು. ಕಲ್ಲು ಪಕ್ಕದಲ್ಲಿ ಬಿದ್ದರೂ ಅದು ಹೆದರಲಿಲ್ಲ. ಕುಪ್ಪಳಿಸಿಕೊಂಡು ಅವನ ಹತ್ತಿರಕ್ಕೇ ಬಂದು, ಇಷ್ಟು ವರ್ಷ ಬಡಿಸಿದವನು ಇಂದೂ ಬಡಿಸುತ್ತಾನೆಂದು ಕಾದು ನಿಂತಿತು.

ಮುಂದಿನ ಕಲ್ಲನ್ನು ಅವನು ಅದರ ಎದೆಗೇ ಗುರಿಯಿಟ್ಟು ಹೊಡೆದ. ಅದು ಒದ್ದಾಡಿಕೊಂಡು ಮೇಲೆದ್ದು ಹೋಯಿತು. ಗುಂಡಿ ತೋಡಿ ಮುಗಿಯುವವರೆಗೂ ಮುನಿಯಪ್ಪ ಹಸುವಿನ ಪಕ್ಕದಲ್ಲಿ ಕಲ್ಲು ಹಿಡಿದು, ಗೊಳೋ ಎಂದು ಅಳುತ್ತಾ ನಿಂತಿದ್ದ.